ಹಾಯಿದೋಣಿಯ ಹಳೇ ಪೆಟ್ರೋಲ್ ಇಂಜಿನ್ ಕೈಕೊಟ್ಟರೆ ಟ್ಯಾಂಕಿನಿಂದ ಹುಡುಕಿ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ಓಡಿಸುವವರಿಗೆ ಇಂಜಿನ್ ಬೇಕಾಗುವುದು ದಡ ಬಿಡುವಾಗ, ದಡ ಸೇರುವಾಗ, ಮತ್ತೆ ಗಾಳಿ ನಿಂತಾಗ. ಉಳಿದ ಹೊತ್ತೆಲ್ಲ ಅದು ದೋಣಿಯ ಹಿಂದೆ ಸುಮ್ನೆ ಇರುತ್ತದೆ. ತೊಂದರೆಯ ಬೇರು ಇರುವುದು ಇಲ್ಲೇ. ದಿನಾ ಓಡುವ ಸ್ಕೂಟರಿಗೆ ವಾರ ವಾರ ಹೊಸ ಪೆಟ್ರೋಲ್ ಬೀಳುತ್ತದೆ. ದೋಣಿಯ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ತಿಂಗಳುಗಟ್ಟಲೆ ಕೂತಿರುತ್ತದೆ, ಬಿಸಿಲು ಕಾಯುತ್ತದೆ, ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಹಳೇ ದೋಣಿ ಇಂಜಿನ್ ಸ್ಟಾರ್ಟ್ ಆಗದಿದ್ದರೆ, ಅಥವಾ ಓಡುತ್ತಾ ಓಡುತ್ತಾ ನಿಂತರೆ, ನನ್ನ ಮೊದಲ ಅನುಮಾನ ಪೆಟ್ರೋಲ್ ಮೇಲೆ ಮತ್ತು ಅದು ಬರುವ ದಾರಿಯ ಮೇಲೆ.

ಇಲ್ಲಿ ಹೇಳುವುದು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್ ಬಗ್ಗೆ. ಟೂ ಸ್ಟ್ರೋಕ್ ಆಗಲಿ, ಫೋರ್ ಸ್ಟ್ರೋಕ್ ಆಗಲಿ, ಕೈಯಲ್ಲಿ ಎತ್ತಿಡುವ ಬೇರೆ ಟ್ಯಾಂಕ್, ಅಲ್ಲಿಂದ ರಬ್ಬರ್ ಪೈಪ್, ನಡುವೆ ಕೈಯಲ್ಲಿ ಒತ್ತುವ ಬಲ್ಬ್ ಇರುವಂಥದ್ದು. ದೋಣಿಯ ಹೊಟ್ಟೆಯೊಳಗೇ ಇಂಜಿನ್ ಇದ್ದರೂ ಹುಡುಕುವ ಕ್ರಮ ಹೆಚ್ಚೂಕಮ್ಮಿ ಇದೇ.

ಕಾರ್ಬುರೇಟರ್ ಕೊನೆಗೆ ಮುಟ್ಟಿ

ಇಂಜಿನ್ ಕೆಮ್ಮಿತು ಅಂದ ತಕ್ಷಣ ಮೈಸೂರಿನವರ ಕೈ ಕಾರ್ಬುರೇಟರ್‌ಗೆ ಹೋಗುತ್ತದೆ. ಅದಕ್ಕೆ ಕಾರಣವೂ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ನಡೆಯಿತು. ಜಾವಾ, ಯೆಜ್ಡಿ ಬಿಚ್ಚಿ ಕಟ್ಟಿದ ಕೈಗಳು ಈ ಊರಿನಲ್ಲಿ ಈಗಲೂ ಎಷ್ಟೋ ಇವೆ. ಅವರ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಆದರೆ ಬೈಕಿಗೂ ದೋಣಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹಳೇ ಬೈಕಿನಲ್ಲಿ ಟ್ಯಾಂಕ್ ಮೇಲೆ, ಕಾರ್ಬುರೇಟರ್ ಕೆಳಗೆ. ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ. ದೋಣಿಯಲ್ಲಿ ಟ್ಯಾಂಕ್ ಕಾಲ ಬುಡದಲ್ಲಿ, ಇಂಜಿನ್ ಅದಕ್ಕಿಂತ ಮೇಲೆ. ಪಂಪ್ ಅಷ್ಟು ದೂರದಿಂದ ಎಳೆದು ಮೇಲಕ್ಕೆ ತರಬೇಕು.

ಎಳೆಯುವ ಪೈಪಿನಲ್ಲಿ ಸಣ್ಣ ತೂತಿದ್ದರೆ ಪೆಟ್ರೋಲ್ ಹೊರಗೆ ಸೋರಬೇಕಂತಿಲ್ಲ. ಅದರ ಬದಲು ಗಾಳಿ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲಾ ಒಣ, ಎಲ್ಲಾ ಸರಿ. ಇಂಜಿನ್ ಮಾತ್ರ ನಿಲ್ಲುತ್ತದೆ. ಬೈಕಿನ ಅನುಭವ ಎಷ್ಟಿದ್ದರೂ ಈ ದೋಷ ಕಣ್ಣು ತಪ್ಪಿಸಿಕೊಳ್ಳುವುದು ಹೀಗೇ. ಆದ್ದರಿಂದ ಟ್ಯಾಂಕಿನಿಂದ ಶುರು ಮಾಡಿ, ಪೆಟ್ರೋಲ್ ಹೋಗುವ ದಾರಿಯಲ್ಲೇ ಹೋಗಿ. ಕಾರ್ಬುರೇಟರ್ ಆ ದಾರಿಯ ಕೊನೇ ನಿಲ್ದಾಣ.

ಮುಟ್ಟುವ ಮುಂಚೆ

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗಿ ಚದುರುವುದಿಲ್ಲ. ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಬಯಲಿನಲ್ಲಿ ಬೈಕ್ ರಿಪೇರಿ ಮಾಡುವ ಧೈರ್ಯ ಇಲ್ಲಿ ಬೇಡ. ಬೀಡಿ, ಸಿಗರೇಟು, ಬೆಂಕಿಕಡ್ಡಿ ದೂರ ಇರಲಿ. ಟ್ಯಾಂಕನ್ನು ದಡಕ್ಕೆ ತಂದು, ನೆಲದ ಮೇಲಿಟ್ಟು ತುಂಬಿಸಿ. ಇಂಜಿನ್ ದೋಣಿಯೊಳಗೆ ಇದ್ದರೆ ಮುಚ್ಚಳ ತೆಗೆದು ಮೂಸಿ ನೋಡಿ, ಬ್ಲೋವರ್ (ಆವಿ ಹೊರಗೆ ಹಾಕುವ ಫ್ಯಾನ್) ಇದ್ದರೆ ಕನಿಷ್ಠ 4 ನಿಮಿಷ ಓಡಿಸಿ, ಆಮೇಲೆ ಕೀಲಿ ತಿರುಗಿಸಿ. ವಾಸನೆ ಹೋಗಿಲ್ಲ ಅಂದರೆ ಸ್ಟಾರ್ಟ್ ಮಾಡಲೇಬೇಡಿ. ಔಟ್‌ಬೋರ್ಡನ್ನು ದಡದಲ್ಲಿ ಓಡಿಸಿ ನೋಡುವುದಾದರೆ ಅದರ ಕಾಲು, ಅಂದರೆ ಪ್ರೊಪೆಲ್ಲರ್ ಇರುವ ಕೆಳಭಾಗ, ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿರಬೇಕು. ಒಣಗಿದ್ದಾಗ ಓಡಿಸಿದರೆ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಬಹಳ ಬೇಗ ಸುಟ್ಟುಹೋಗುತ್ತವೆ.

ಪ್ಲಗ್ ಏನು ಹೇಳುತ್ತದೆ

ಹತ್ತಾರು ಸಲ ಹಗ್ಗ ಎಳೆದರೂ ಸ್ಟಾರ್ಟ್ ಆಗಲಿಲ್ಲ ಅನ್ನಿ. ಪ್ಲಗ್ ಬಿಚ್ಚಿ. ಅದು ಒಣಗಿದ್ದರೆ ಪೆಟ್ರೋಲ್ ಇಂಜಿನ್ನಿನವರೆಗೆ ಬಂದಿಲ್ಲ. ಈ ಬರಹ ನಿಮಗೇ. ಒದ್ದೆಯಾಗಿದ್ದರೆ ಎರಡು ಸಾಧ್ಯತೆ. ಪೆಟ್ರೋಲ್ ಜಾಸ್ತಿ ಬಂದಿದೆ, ಇಲ್ಲವೇ ಕಿಡಿ ಇಲ್ಲ. ಪ್ಲಗ್ ಒರೆಸಿ, ಬೇರೆ ಹೊಸ ಪ್ಲಗ್ ಹಾಕಿ ನೋಡಿ. ಕಿಡಿ ನೋಡಬೇಕೆಂದು ಪೆಟ್ರೋಲ್ ಚೆಲ್ಲಿದ ಜಾಗದಲ್ಲೇ ವೈರ್ ತಾಗಿಸಬೇಡಿ. ಮೊದಲು ಎಲ್ಲ ಒರೆಸಿ, ಗಾಳಿಯಾಡಲು ಬಿಡಿ.

ಒದ್ದೆ ಪ್ಲಗ್ ಮೇಲೆ ನೀರಿನ ಸಣ್ಣ ಹನಿ ಕಂಡರೆ ಮುಂದಿನದೆಲ್ಲ ಬಿಟ್ಟು ನೇರ ನೀರಿನ ಭಾಗಕ್ಕೆ ಹೋಗಿ.

ಬಲ್ಬ್ ಒತ್ತಿ ನೋಡಿ

ಇಡೀ ಪೆಟ್ರೋಲ್ ದಾರಿಯಲ್ಲಿ ನನಗೆ ಅತಿ ಇಷ್ಟವಾದ ಸಾಧನ ಈ ಬಲ್ಬ್. ಸ್ಪ್ಯಾನರ್ ಮುಟ್ಟುವ ಮುಂಚೆಯೇ ಅರ್ಧ ಉತ್ತರ ಕೊಡುತ್ತದೆ. ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು ಸಡಿಲಿಸಿ. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಬೇಕು. ಒತ್ತುವಾಗ ಬಾಣ ಮೇಲಕ್ಕೆ ಬರುವಂತೆ ಹಿಡಿದರೆ ಒಳಗಿನ ವಾಲ್ವ್‌ಗಳು ಚೆನ್ನಾಗಿ ಕೂರುತ್ತವೆ.

ಕೆಲವು ಸಲ ಒತ್ತಿದ ಮೇಲೆ ಬಲ್ಬ್ ಗಟ್ಟಿಯಾಗಬೇಕು. ಕಾರ್ಬುರೇಟರಿನ ಬಟ್ಟಲು ತುಂಬಿ, ಅದರಲ್ಲಿ ತೇಲುವ ಫ್ಲೋಟ್ ಎದ್ದು, ಪೆಟ್ರೋಲ್ ಬರುವ ಬಾಯಿಯನ್ನು ನೀಡಲ್ (ಸೂಜಿಯಂಥ ವಾಲ್ವ್) ಮುಚ್ಚಿತು ಅಂತ ಅರ್ಥ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಬಲ್ಬಿನ ವಾಲ್ವ್ ಹೋಗಿದೆ, ಅಥವಾ ನೀಡಲ್ ಮುಚ್ಚದೆ ಪೆಟ್ರೋಲ್ ಉಕ್ಕುತ್ತಿದೆ. ಮೂರನೆಯದನ್ನು ಪತ್ತೆ ಮಾಡುವುದು ಸುಲಭ. ಇಂಜಿನ್ ಕವರ್ ತೆಗೆದರೆ ಕಾರ್ಬುರೇಟರಿನಿಂದ ತೊಟ್ಟಿಕ್ಕುವುದು ಕಾಣುತ್ತದೆ. ಬಟ್ಟಲು ಖಾಲಿ ಇದ್ದರೂ ಮೊದಲ ಒತ್ತಿಗೇ ಬಲ್ಬ್ ಕಲ್ಲಾದರೆ ಮುಂದೆ ದಾರಿ ಕಟ್ಟಿದೆ. ಪೈಪ್ ಇಂಜಿನ್ನಿಗೆ ಸಿಕ್ಕಿಸುವ ಕನೆಕ್ಟರ್, ಫಿಲ್ಟರ್, ಇಲ್ಲವೇ ಅಂಟಿಕೊಂಡ ನೀಡಲ್.

ಇನ್ನೊಂದು ಇದೆ, ಅದು ಇಂಜಿನ್ ಓಡುವಾಗ ನೋಡಬೇಕಾದ್ದು. ಓಡುತ್ತಾ ಓಡುತ್ತಾ ಬಲ್ಬ್ ತಾನಾಗಿ ಚಪ್ಪಟೆಯಾದರೆ ಅದರ ಹಿಂದೆ, ಅಂದರೆ ಟ್ಯಾಂಕ್ ಕಡೆಗೆ ಅಡ್ಡಿ ಇದೆ. ಪಂಪ್ ಎಳೆಯುತ್ತಿದೆ, ಪೆಟ್ರೋಲ್ ಬರುತ್ತಿಲ್ಲ. ಇಂಥ ಕಡೆ ಮೊದಲ ಅಪರಾಧಿ ಆ ಗಾಳಿ ತಿರುಪೇ. ದೋಣಿ ನಿಲ್ಲಿಸುವಾಗ ಅದನ್ನು ಮುಚ್ಚುತ್ತೇವೆ, ಹೊರಡುವಾಗ ಬಿಚ್ಚಲು ಮರೆಯುತ್ತೇವೆ. ಚೆನ್ನಾಗಿ ಸ್ಟಾರ್ಟ್ ಆಗಿ, 10-15 ನಿಮಿಷ ಓಡಿ, ಉಸಿರು ಕಟ್ಟಿ ನಿಲ್ಲುವ ಇಂಜಿನ್ ಕಂಡರೆ ಟ್ಯಾಂಕಿನ ಮುಚ್ಚಳ ತಿರುಗಿಸಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದರೆ ರಿಪೇರಿ ಅಲ್ಲಿಗೇ ಮುಗಿಯಿತು.

ಒಳಗೆ ಹರಿದ ಪೈಪ್

ಕಳೆದ ಬೇಸಿಗೆಯಲ್ಲಿ ಗೆಳೆಯರೊಬ್ಬರ ದೋಣಿಯ ಇಂಜಿನ್ ನಿಧಾನಕ್ಕೆ ಓಡಿಸಿದರೆ ಚೆನ್ನಾಗಿ ಓಡುತ್ತಿತ್ತು, ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ಕೊಟ್ಟರೆ ನಿಮಿಷದಲ್ಲಿ ಸೊರಗಿ ನಿಲ್ಲುತ್ತಿತ್ತು. ಪ್ಲಗ್ ಹೊಸದು, ಕಾರ್ಬುರೇಟರ್ ಆಗಲೇ ಬಿಚ್ಚಿ ತೊಳೆದದ್ದು. ನಾವಿಬ್ಬರೂ ಇಂಜಿನ್ ಮೇಲೆ ಬಗ್ಗಿದ್ದೆವು. ದೋಣಿಯ ನಡುವೆ ಟ್ಯಾಂಕಿನ ಪಕ್ಕ ಕೂತಿದ್ದ ದಡದ ಹುಡುಗ ಕೂಗಿದ: "ಅಣ್ಣಾ, ಬಲ್ಬ್ ಅಪ್ಪಚ್ಚಿ ಆಗ್ತಾ ಇದೆ ನೋಡಿ!" ಗಾಳಿ ತಿರುಪು ಬಿಚ್ಚೇ ಇತ್ತು. ಟ್ಯಾಂಕಿನೊಳಗಿನ ಕೊಳವೆ, ಅದರ ತುದಿಯ ಜಾಲರಿ ಚೊಕ್ಕವಾಗಿದ್ದವು. ಉಳಿದದ್ದು ಟ್ಯಾಂಕಿನಿಂದ ಬಲ್ಬಿನವರೆಗಿನ ಪೈಪ್. ಅದನ್ನು ಸೈಕಲ್ ಪಂಪಿನಿಂದ ಊದಿ ನೋಡಿದರೆ ಗಾಳಿ ಸಲೀಸಾಗಿ ಹೋಯಿತು.

ಆದರೂ ಬಿಡದೆ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆವು. ಹೊರಗಿನ ಕಪ್ಪು ರಬ್ಬರ್ ಗಟ್ಟಿಮುಟ್ಟಾಗಿತ್ತು. ಒಳಗಿನ ತೆಳು ಪದರ ಮಾತ್ರ ಒಂದು ಕಡೆ ಬಿಟ್ಟುಕೊಂಡು ನಾಲಿಗೆಯ ಹಾಗೆ ಎದ್ದು ನಿಂತಿತ್ತು. ಊದಿದರೆ ಆ ನಾಲಿಗೆ ಗೋಡೆಗೆ ಅಂಟಿ ದಾರಿ ಬಿಡುತ್ತದೆ. ಎಳೆದರೆ ಎದ್ದು ದಾರಿ ಮುಚ್ಚುತ್ತದೆ. ನಿಧಾನಕ್ಕೆ ಎಳೆದಾಗ ಸ್ವಲ್ಪ ಸಂದು ಇರುತ್ತದೆ, ಜೋರಾಗಿ ಎಳೆದಾಗ ಅದೂ ಇರುವುದಿಲ್ಲ. ಥ್ರಾಟಲ್ ಜಾಸ್ತಿ ಮಾಡಿದಾಗ ಮಾತ್ರ ನಿಲ್ಲುತ್ತಿದ್ದುದು ಅದಕ್ಕೇ. ಊದಿ ನೋಡಿ "ಪೈಪ್ ಸರಿ ಇದೆ" ಅನ್ನುವ ತೀರ್ಮಾನ ಸಾಲದು ಅಂತ ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೆ. ಹಳೇ ಪೈಪ್ ಬಗ್ಗೆ ಅನುಮಾನ ಬಂದರೆ ಬದಲಿಸುವುದೇ ಸರಿ. ಈಗಿನ ಪೆಟ್ರೋಲಿನಲ್ಲಿ ಬೆರೆಸಿರುವ ಎಥೆನಾಲನ್ನು ತಡೆಯುವ ಪೈಪ್ ಕೇಳಿ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅನ್ನುವ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಒಳ್ಳೆಯದು. ಹಸಿರು ಬಣ್ಣದ ಅಗ್ಗದ ಪ್ಲಾಸ್ಟಿಕ್ ಪೈಪ್ ಬಿಸಿಲಿಗೆ ಗಡುಸಾಗಿ ಕ್ಲಿಪ್ ಹತ್ತಿರ ಸೀಳುತ್ತದೆ, ಅದು ದೋಣಿಗೆ ಬೇಡ.

ಗಾಳಿ ಎಳೆಯುತ್ತಿದೆ ಅನ್ನುವ ಅನುಮಾನ ಇದ್ದರೆ ಇಂಜಿನ್ ಪಂಪಿಗೆ ಸ್ವಲ್ಪ ಮುಂಚೆ ಗೇಣುದ್ದದ ಪಾರದರ್ಶಕ ಪೈಪ್ ಸೇರಿಸಿ ಓಡಿಸಿ. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದರೆ ಪರವಾಗಿಲ್ಲ. ಸಾಲು ಸಾಲಾಗಿ ಬರುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ. ಹೆಚ್ಚಾಗಿ ಸಿಗುವುದು ಕನೆಕ್ಟರಿನೊಳಗಿನ ಸಣ್ಣ ರಬ್ಬರ್ ರಿಂಗ್‌ನಲ್ಲಿ. ಕಡಲೆ ಕಾಳಿನಷ್ಟೂ ಇಲ್ಲದ ಆ ರಿಂಗ್ ಬಿರುಕು ಬಿಟ್ಟರೆ ಇಡೀ ದೋಣಿ ನಿಲ್ಲುತ್ತದೆ. ಪರೀಕ್ಷೆ ಮುಗಿದ ಮೇಲೆ ಆ ಪಾರದರ್ಶಕ ಪೈಪ್ ತೆಗೆದುಬಿಡಿ.

ಬೇರೆ ಟ್ಯಾಂಕ್ ಇಟ್ಟು ನೋಡಿ

ಎಲ್ಲಿಂದ ಹುಡುಕುವುದು ಅಂತ ಗೊತ್ತಾಗದೆ ನಿಂತಾಗ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಇನ್ನೊಬ್ಬರ ಟ್ಯಾಂಕ್, ಪೈಪ್, ಬಲ್ಬ್ ಸಮೇತ ತನ್ನಿ. ಇವತ್ತು ಬಂಕಿನಲ್ಲಿ ಹಾಕಿಸಿದ ಪೆಟ್ರೋಲ್ ಇರಲಿ. ಟೂ ಸ್ಟ್ರೋಕ್ ಆದರೆ ಆಯಿಲ್ ಬೆರೆಸಿ. ನಿಮ್ಮ ಇಂಜಿನ್ನಿನ ಪುಸ್ತಕ 50:1 ಅಂದರೆ ಲೀಟರಿಗೆ 20 ಮಿಲಿ. ತುಂಬಾ ಹಳೆಯವು 25:1 ಕೇಳುತ್ತವೆ, ಅಂದರೆ 40 ಮಿಲಿ. ಈ ಟ್ಯಾಂಕ್ ಸಿಕ್ಕಿಸಿದಾಗ ಇಂಜಿನ್ ಚೆನ್ನಾಗಿ ಓಡಿದರೆ ದೋಷ ನಿಮ್ಮ ಟ್ಯಾಂಕ್, ಪೈಪ್ ಅಥವಾ ಪೆಟ್ರೋಲಿನಲ್ಲಿದೆ. ಓಡದಿದ್ದರೆ ಇಂಜಿನ್ ಕವರಿನೊಳಗಿದೆ. ಒಂದೇ ಪರೀಕ್ಷೆಗೆ ಅರ್ಧ ದಾರಿ ಸವೆಯುತ್ತದೆ.

ನೀರು ಮತ್ತು ಎಥೆನಾಲ್

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲ್ ಈಗ ಮಾಮೂಲಿ ಪೆಟ್ರೋಲೇ ಆಗಿದೆ. ನೂರರಲ್ಲಿ 20 ಪಾಲು ಎಥೆನಾಲ್. ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಅದನ್ನು ತೆಗೆಯುತ್ತಾರೆ. ಕಬ್ಬು ಬೆಳೆಯುವ ಮಂಡ್ಯದ ಪಕ್ಕದಲ್ಲಿದ್ದುಕೊಂಡು ನಾನು ಎಥೆನಾಲ್ ಬೇಡ ಅನ್ನಲಾರೆ. ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕರೆ ರೈತನಿಗೆ ಒಳ್ಳೆಯದೇ. ಆದರೆ ಮೂವತ್ತು ನಲವತ್ತು ವರ್ಷ ಹಿಂದಿನ ದೋಣಿ ಇಂಜಿನ್ ತಯಾರಿಸಿದವರು ಇಷ್ಟು ಎಥೆನಾಲ್ ಬರುತ್ತದೆ ಅಂತ ಎಣಿಸಿರಲಿಲ್ಲ. ಹಳೇ ರಬ್ಬರ್ ಅದರಿಂದ ಉಬ್ಬುತ್ತದೆ, ಮೆತ್ತಗಾಗುತ್ತದೆ. ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಅಂಟಿದ್ದ ಗಸಿ ಬಿಟ್ಟುಕೊಂಡು ಫಿಲ್ಟರಿಗೆ ಬರುತ್ತದೆ. ಹಳೇ ಫೈಬರ್ ಟ್ಯಾಂಕ್ ಇದ್ದರೆ ಅದರ ರಾಳವೇ ಕರಗಿ ಬರಬಹುದು.

ಎಲ್ಲಕ್ಕಿಂತ ಮುಖ್ಯ, ಎಥೆನಾಲ್ ನೀರನ್ನು ಹೀರುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನಲ್ಲಿ ಕರಗಿ ಹಾಗೇ ಉರಿದುಹೋಗುತ್ತದೆ. ಮಿತಿ ಮೀರಿದರೆ, ಅದರಲ್ಲೂ ರಾತ್ರಿ ತಂಪಾದಾಗ, ನೀರು ಮತ್ತು ಎಥೆನಾಲ್ ಒಟ್ಟಿಗೆ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಕೊಳವೆ ಇರುವುದೂ ತಳದಲ್ಲೇ. ಟೂ ಸ್ಟ್ರೋಕ್ ಇಂಜಿನ್ನಿಗೆ ಇದು ಇನ್ನೂ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ, ಇಂಜಿನ್ ಎಳೆಯುವುದು ಆಯಿಲ್ ಇಲ್ಲದ ತಳದ ದ್ರವ. ಪಿಸ್ಟನ್ ಜಾಮ್ ಆಗಲು ಇನ್ನೇನು ಬೇಕು?

ನೀರು ಎಲ್ಲಿಂದ ಬರುತ್ತದೆ? ಅಣೆಕಟ್ಟೆ 124.80 ಅಡಿ ತುಂಬಿ, ಮುಂಗಾರಿನ ಗಾಳಿ ಬೀಸುವ ದಿನಗಳಲ್ಲಿ ಹಿನ್ನೀರಿನ ಅಲೆ ದೋಣಿಯೊಳಗೆ ಎರಚುತ್ತಲೇ ಇರುತ್ತದೆ. ಮುಚ್ಚಳದ ವಾಷರ್ ಒಣಗಿ ಬಿರಿದಿದ್ದರೆ ಹನಿ ಹನಿಯಾಗಿ ಒಳಗೆ ಹೋಗುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿ ತಿರುಪು ಬಿಚ್ಚಿಟ್ಟು ಮನೆಗೆ ಹೋದರೆ ಹಗಲು ರಾತ್ರಿ ತೇವದ ಗಾಳಿ ಒಳಗೆ ಹೊರಗೆ ಆಡುತ್ತದೆ. ನಮ್ಮದು ಸಿಹಿನೀರು, ಕಡಲಿನ ಉಪ್ಪಿನ ಕಾಟ ಇಲ್ಲ. ಆದರೂ ಬಟ್ಟಲಿನ ತಳದಲ್ಲಿ ಅಲ್ಯೂಮಿನಿಯಂ ತಿಂದ ಬಿಳಿ ಪುಡಿ ಕಾಣಲು ಇಷ್ಟು ನೀರು ಸಾಕು.

ಪರೀಕ್ಷೆ ಹೀಗೆ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಕೈಪಂಪಿನಿಂದ ಎಳೆದು ಗಾಜಿನ ಬಾಟಲಿಗೆ ಹಾಕಿ. ಬಾಯಿಂದ ಎಳೆಯಬೇಡಿ. ಅಲುಗಿಸದೆ 10 ನಿಮಿಷ ಇಟ್ಟು ಬೆಳಕಿಗೆ ಹಿಡಿಯಿರಿ. ಒಳ್ಳೆಯ ಪೆಟ್ರೋಲ್ ತಿಳಿಯಾಗಿರುತ್ತದೆ. ತಳದಲ್ಲಿ ಬೇರೆ ಪದರ ಕಂಡರೆ, ಎರಡರ ನಡುವೆ ಗೆರೆ ಕಂಡರೆ, ಆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು. ಮೇಲಿನದನ್ನು ಉಳಿಸಿಕೊಳ್ಳುವ ಆಸೆ ಬೇಡ, ಎಥೆನಾಲ್ ಕಳೆದುಕೊಂಡ ಪೆಟ್ರೋಲಿನ ಆಕ್ಟೇನ್ (ಇಂಜಿನ್ ಬಡಿಯದಂತೆ ಉರಿಯುವ ಗುಣ) ಇಳಿದಿರುತ್ತದೆ. ನೆಲಕ್ಕೋ ನೀರಿಗೋ ಚೆಲ್ಲುವುದಂತೂ ಬೇಡವೇ ಬೇಡ. ಇದು ಲಕ್ಷಾಂತರ ಜನ ಕುಡಿಯುವ ಕಾವೇರಿ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ನಿಮ್ಮ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಅಂತ ನೋಡುವ ಆಸೆ ಇದ್ದರೆ ಅಳತೆ ಗೆರೆ ಇರುವ ಗಾಜಿನ ಜಾಡಿಗೆ 10 ಮಿಲಿ ನೀರು, 100 ಮಿಲಿ ಪೆಟ್ರೋಲ್ ಹಾಕಿ ಕುಲುಕಿ. ಸ್ವಲ್ಪ ಹೊತ್ತಿನ ನಂತರ ತಳದ ಪದರ 10 ಮಿಲಿ ಇರುವುದಿಲ್ಲ, ಇ20 ಆದರೆ ಹತ್ತಿರ ಹತ್ತಿರ 30 ಮಿಲಿಗೆ ಬಂದಿರುತ್ತದೆ. ಹೆಚ್ಚಾದದ್ದು ನೀರಿಗೆ ಸೇರಿಕೊಂಡ ಎಥೆನಾಲ್. ಈ ಪೆಟ್ರೋಲನ್ನು ಮತ್ತೆ ಟ್ಯಾಂಕಿಗೆ ಹಾಕಬೇಡಿ.

ಪಂಪ್

ಇಂಜಿನ್ ಸೊರಗುತ್ತಿರುವಾಗ ಇನ್ನೊಬ್ಬರ ಕೈಲಿ ಬಲ್ಬ್ ಒತ್ತಿಸಿ. ಒತ್ತಿದಷ್ಟು ಹೊತ್ತು ಚೆನ್ನಾಗಿ ಓಡಿ, ಬಿಟ್ಟರೆ ಮತ್ತೆ ಸೊರಗಿದರೆ ಪಂಪ್ ಸೋತಿದೆ, ಇಲ್ಲವೇ ಅದರ ಮುಂಚೆ ಗಾಳಿ ಎಳೆಯುತ್ತಿದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಿದ್ದರೆ ಪಂಪೇ. ಒಳಗಿರುವುದು ತೆಳು ಪೊರೆ, ಅಂದರೆ ಡಯಾಫ್ರಂ. ಬಿಚ್ಚಿ ಬೆಳಕಿಗೆ ಹಿಡಿದರೆ ಸೂಜಿ ತೂತೂ ಕಾಣುತ್ತದೆ. ಫೋರ್ ಸ್ಟ್ರೋಕ್ ಆಗಿದ್ದರೆ ಆಯಿಲ್ ಕಡ್ಡಿ ಎತ್ತಿ ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಆಯಿಲ್ ಮಟ್ಟ ಏರಿದ್ದರೆ, ಹರಿದ ಡಯಾಫ್ರಂನಿಂದ ಪೆಟ್ರೋಲ್ ಆಯಿಲ್‌ಗೆ ಇಳಿದಿರಬಹುದು. ಆಯಿಲ್ ಬದಲಿಸದೆ ಓಡಿಸಬೇಡಿ.

ದೋಣಿಯೊಳಗಿನ ಟ್ಯಾಂಕ್ ಆದರೆ ಪೈಪ್ ಸೇರುವ ಜಾಗದಲ್ಲಿ ಪೆಟ್ರೋಲ್ ತಾನಾಗಿ ಹರಿದು ಸೋರದಂತೆ ತಡೆಯುವ ಆಂಟಿ ಸೈಫನ್ ವಾಲ್ವ್ ಇರಬಹುದು. ಅದರ ಗುಂಡು ಅಂಟಿಕೊಂಡರೂ ಇದೇ ಲಕ್ಷಣ. ಇನ್ನು ದೋಣಿ ಗಾಳಿಗೆ ವಾಲಿದ ಮೇಲೆ ಮಾತ್ರ ಇಂಜಿನ್ ಕೆಮ್ಮಿದರೆ ತಳದ ಗಸಿ ಕದಡಿದೆ, ಅಥವಾ ಪೆಟ್ರೋಲ್ ಕಡಿಮೆಯಾಗಿ ಕೊಳವೆಯ ಬಾಯಿ ಗಾಳಿಗೆ ತೆರೆದಿದೆ.

ಈಗ ಕಾರ್ಬುರೇಟರ್

ಮೊದಲು ಚೋಕ್. ಬಿಸಿಯಾದ ಇಂಜಿನ್ ಅರ್ಧ ಚೋಕ್ ಎಳೆದರೆ ಮಾತ್ರ ಓಡುತ್ತದೆ ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಇಲ್ಲಿಯವರೆಗಿನ ದಾರಿ ಸರಿ ಇದ್ದರೆ ಜೆಟ್, ಅಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಭಾಗ, ಕಟ್ಟಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಥ್ರಾಟಲ್ ಕೊಡದಿದ್ದಾಗ, ಇಂಜಿನ್ ಆರಿಹೋಗುತ್ತದೆ, ಥ್ರಾಟಲ್ ಕೊಟ್ಟರೆ ಚೆನ್ನಾಗಿದೆ ಅಂದರೆ ಸಣ್ಣ ಜೆಟ್. ಐಡ್ಲಿಂಗ್ ಸರಿ, ಥ್ರಾಟಲ್ ಕೊಟ್ಟರೆ ಸೊರಗುತ್ತದೆ ಅಂದರೆ ಮೇನ್ ಜೆಟ್. ಕಪ್ಪು ಹೊಗೆ, ಒದ್ದೆ ಪ್ಲಗ್, ತೊಟ್ಟಿಕ್ಕುವ ಪೆಟ್ರೋಲ್ ಅಂದರೆ ನೀಡಲ್ ಅಥವಾ ಫ್ಲೋಟ್.

ಬಟ್ಟಲಿನ ತಳದಲ್ಲಿ ಒಂದು ತಿರುಪು ಇರುತ್ತದೆ. ಕೆಳಗೆ ಗಾಜಿನ ಲೋಟ ಹಿಡಿದು ಅದನ್ನು ಬಿಚ್ಚಿ. ಬಂದದ್ದರಲ್ಲಿ ನೀರಿದ್ದರೆ ತಳದಲ್ಲಿ ಹರಳಿನ ಹಾಗೆ ಗುಂಡಗೆ ಉರುಳಾಡುತ್ತದೆ, ಲೋಟ ವಾಲಿಸಿದರೆ ಬೇರೆಯಾಗಿ ಜಾರುತ್ತದೆ. ಎಷ್ಟೋ ಸಲ ಬಟ್ಟಲು ಹೀಗೆ ಖಾಲಿ ಮಾಡಿ ಹೊಸ ಪೆಟ್ರೋಲ್ ತುಂಬಿದರೆ ಸಾಕು, ಬಿಚ್ಚುವ ಕೆಲಸವೇ ತಪ್ಪುತ್ತದೆ.

ಬಿಚ್ಚಲೇಬೇಕಾದರೆ ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಳೇ ಪೆಟ್ರೋಲ್ ಆರಿ ಉಳಿದ ಕಂದು ಅಂಟು ಕಾರ್ಬುರೇಟರ್ ಸ್ಪ್ರೇಗೆ ಕರಗುತ್ತದೆ. ಜೆಟ್ ತೂತಿಗೆ ಸ್ಟೀಲ್ ತಂತಿ, ಸೂಜಿ, ಪಿನ್ನು ಯಾವುದೂ ಹಾಕಬೇಡಿ. ಆ ತೂತಿನ ಅಳತೆಯೇ ಜೆಟ್ಟಿನ ಪ್ರಾಣ. ಸ್ಪ್ರೇ ಹೊಡೆದು, ಗಾಳಿ ಊದಿ, ಬೆಳಕಿಗೆ ಹಿಡಿದು ದುಂಡಗೆ ಕಾಣುತ್ತದಾ ನೋಡಿ. ಆಗದಿದ್ದರೆ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ. ನೀಡಲಿನ ತುದಿಯಲ್ಲಿ ಸವೆದ ಗೆರೆ ಉಗುರಿಗೆ ಸಿಕ್ಕರೆ ಬದಲಿಸಿ. ಬಟ್ಟಲಿನ ಹಳೇ ಗ್ಯಾಸ್ಕೆಟ್ ಎಥೆನಾಲ್ ಕುಡಿದು ಉಬ್ಬಿದ್ದರೆ ಮತ್ತೆ ತೋಡಿಗೆ ಕೂರುವುದಿಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಂಡು ಬಿಚ್ಚಿ.

ಇಷ್ಟಾದ ಮೇಲೆ ಡ್ರಮ್ಮಿನಲ್ಲಿ ಕಾಲು ಗಂಟೆ ಓಡಿಸಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಆಗ ಬಲ್ಬ್ ಗಟ್ಟಿಯಾಗಿದ್ದು ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಬಿಡಿ, ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ನೋಡಿಸಿ.

ದೋಣಿ ಬಿಟ್ಟು ಹೋಗುವಾಗ

ಎರಡು ವಾರಕ್ಕಿಂತ ಜಾಸ್ತಿ ದೋಣಿ ನಿಲ್ಲುವುದಾದರೆ ಪೈಪನ್ನು ಇಂಜಿನ್ನಿನಿಂದ ಕಳಚಿ. ಮುಚ್ಚಿದ ಟ್ಯಾಂಕ್ ಬಿಸಿಲಿಗೆ ಉಬ್ಬಿದಾಗ ಪೆಟ್ರೋಲ್ ಒತ್ತಿಕೊಂಡು ಕಾರ್ಬುರೇಟರಿಗೆ ಹೋಗುವುದು ಇದರಿಂದ ತಪ್ಪುತ್ತದೆ. ತಳದ ತಿರುಪಿನಿಂದ ಬಟ್ಟಲು ಖಾಲಿ ಮಾಡಿ. ಫೋರ್ ಸ್ಟ್ರೋಕ್ ಟ್ಯಾಂಕಿನಲ್ಲಿ ಉಳಿದ ಒಳ್ಳೆಯ ಪೆಟ್ರೋಲನ್ನು ಮನೆಯ ಸ್ಕೂಟರಿಗೆ ಹಾಕಿ ಓಡಿಸಿಬಿಡಿ. ಆಯಿಲ್ ಬೆರೆಸಿದ್ದಾದರೆ ಅದನ್ನು ಪಕ್ಕದ ದೋಣಿಯವರಿಗೆ ಕೊಡಿ, ಮುಂದಿನ ಸಲ ಬರುವಾಗ ಬೇಕಾದಷ್ಟೇ ಹೊಸದಾಗಿ ಬೆರೆಸಿ ತನ್ನಿ.